ಫಕೀರಪ್ಪ ಮುಟ್ಟಿ ನೋಡಿದ ಸೈಕಲ್ಲು

ಗದಗಿನಿಂದ ಪುಣೆಗೆ ಬಂದ ಫಕೀರಪ್ಪ ಭವಾನಿ ಪೇಠದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಬಿದ್ದು ಜಖಂ ಆದ ಸೈಕಲ್ಲು ಬಂದರೆ ಮೊದಲು ಫ್ರೇಮು ನೋಡುತ್ತಿದ್ದ. ಅದು ಸೊಟ್ಟಗಾಗಿದ್ದರೆ ಗಿರಾಕಿ ಎಷ್ಟೇ ಅಂಗಲಾಚಿದರೂ "ನಾಹೀ ಹೋಣಾರ", ಆಗುವುದಿಲ್ಲ, ಎಂದು ಮರಾಠಿಯಲ್ಲೇ ಹೇಳಿ ಕೈ ಒರೆಸಿಕೊಳ್ಳುತ್ತಿದ್ದ.

ಎರಡನೇ ಮಹಾಯುದ್ಧದ ಕಾಲದಲ್ಲಿ ಖಡಕಿ ರಸ್ತೆಯಲ್ಲಿ ಲಾರಿಯೊಂದು ಅವನನ್ನೇ ಸೈಕಲ್ ಸಮೇತ ಕೆಡವಿತು. ಆಸ್ಪತ್ರೆಯಿಂದ ಮನೆಗೆ ತಂದಾಗ ಸೊಂಟದ ಕೆಳಗೆ ಸ್ಪರ್ಶವೇ ಇರಲಿಲ್ಲ. ಹೊರಡುವ ಮುಂಚೆ ಡಾಕ್ಟರು ಅವನ ಹೆಂಡತಿ ರುದ್ರವ್ವನನ್ನು ವರಾಂಡಕ್ಕೆ ಕರೆದು, ಇನ್ನು ಇವನು ಏಳುವುದಿಲ್ಲ ಎಂದಿದ್ದರು. "ದೀಪಾವಳಿ ಹೊತ್ತಿಗೆ ಓಡಾಡತೀರಂತ" ಎಂದು ಆಕೆ ಗಂಡನಿಗೆ ಹೇಳಿದ್ದಳು.

ಅವನು ಅದನ್ನು ನಂಬಿದ. ಹೊಸ ಸಾಮಾನು ಸಿಗದ ದಿನಗಳು; ಎದ್ದ ಮೇಲೆ ಬೇಕಾದೀತೆಂದು ಒಂದು ಮಧ್ಯಾಹ್ನ ಆ ಸೈಕಲ್ಲನ್ನೇ ಒಳಗೆ ತರಿಸಿದ. ಎದ್ದು ಕೂತು ನೋಡಲು ಆಗದು, ಮಂಚದ ಮೇಲೆ ಮಲಗಿಯೇ ರುದ್ರವ್ವನಿಗೆ ಹೇಳಿಕೊಟ್ಟ.

"ಹಿಂದಿನ ಗಾಲಿ ಅಚ್ಚಿಗೆ ದಾರ ಕಟ್ಟು. ಮುಂದ ಹ್ಯಾಂಡಲ್ ಕೆಳಗಿನ ಪೈಪ್ ಸುತ್ತಿಸಿ ಆಚೀ ಕಡೆ ಅಚ್ಚಿಗೆ ತಂದು ಬಿಗಿ ಮಾಡು. ಸೀಟಿನ ಪೈಪಿಗೂ ದಾರಕ್ಕೂ ಎಷ್ಟ ಸಂದಿ ಅದ ನೋಡು, ಎರಡೂ ಕಡೆ. ಸಮ ಇದ್ರ ಫ್ರೇಮು ನೆಟ್ಟಗ ಅದ ಅಂತ."

ಒಂದು ಕಡೆ ಎರಡು ಬೆರಳು ಹಿಡಿದವು. ಇನ್ನೊಂದು ಕಡೆ ಒಂದೂ ಹಿಡಿಯಲಿಲ್ಲ.

"ಎರಡೂ ಕಡೆ ಸಮ ಅದರಿ."

"ಖರೇನ?" ಅಪಘಾತವಾದ ಮೇಲೆ ಮೊದಲ ಸಲ ಅವನು ನಕ್ಕ. "ಮುಂದಿನ ಫೋರ್ಕು?"

"ಅದೂ ನೆಟ್ಟಗ ಅದರಿ."

"ಇತ್ತ ತಾ, ಮುಟ್ಟಿ ನೋಡತೀನಿ."

ಒಲೆಯ ಮೇಲೆ ಸಾರು ಇದೆ ಎಂದಳು. ಅವನು ಬಿಡಲಿಲ್ಲ. ಕೊನೆಗೆ ಎಳೆದು ತಂದಳು. ಅವನ ಕೈ ಕೆಳಗಿನ ಪೈಪಿನ ಗುಂಟ ಸರಿದು ಹ್ಯಾಂಡಲ್ಲಿನ ಹತ್ತಿರ ನಿಂತಿತು. ಅಲ್ಲಿ ಬಣ್ಣ ಸಿಡಿದು ಕಬ್ಬಿಣ ಮಡಿಕೆ ಬಿದ್ದಿತ್ತು. ಫೋರ್ಕು ಹಿಂದಕ್ಕೆ ಬಾಗಿತ್ತು.

"ಸುಳ್ಳ ಯಾಕ ಹೇಳಿದಿ?"

ರುದ್ರವ್ವ ದಾರ ಬಿಚ್ಚಿ ಸುತ್ತತೊಡಗಿದಳು. ಅವನು ಪೈಪಿನ ಮೇಲಿಂದ ಕೈ ತೆಗೆದ.

"ಡಾಕ್ಟರು ಏನಂದಿದ್ರು? ಅದನ್ನಾರ ಖರೇ ಹೇಳು."

ಆಕೆ ಸೆರಗನ್ನು ಬಾಯಿಗೊತ್ತಿಕೊಂಡಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಮುಂದೆ ಅವನು ಏನನ್ನೂ ಕೇಳಲಿಲ್ಲ. ತುತ್ತು ಇಟ್ಟರೆ ಬಾಯಿ ತೆರೆಯುತ್ತಿದ್ದ, ಅಷ್ಟೆ. ಅಂಗಡಿಯ ಪಂಪು, ಪಾನಾ, ಇಕ್ಕಳ ಒಂದೊಂದಾಗಿ ಮಾರಿಹೋದವು. ಗುಜರಿಯವನು ಸೈಕಲ್ಲನ್ನು ಕಲ್ಲಿನ ಮೇಲೆ ಎಳೆದೊಯ್ಯುವ ಸದ್ದು ಕೇಳಿದರೂ ಕಣ್ಣು ತೆರೆಯಲಿಲ್ಲ. ಮರುವರ್ಷ ಮಳೆಗಾಲದಲ್ಲಿ ತೀರಿಕೊಂಡ.

ರುದ್ರವ್ವ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ನಿಂತಳು. ಊರಿಗೆ ಕರೆದೊಯ್ಯಲು ಬಂದ ತನ್ನ ತಮ್ಮ ಗೂಳಪ್ಪನಿಗೆ, "ಅಲ್ಲಿಗೆ ಬಂದು ಏನ್ ಮಾಡ್ಲೋ?" ಎಂದಳು.