ನಾನು ಹಿಮ ಎಂದು ಬರೆದ ಶುಕ್ರವಾರ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮುಂದೆ ಹೇಳುವುದಕ್ಕೆಲ್ಲ ಅದೇ ಕಾರಣವಾದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಮನೆ, ಕಾರು, ಅವರ ಮಕ್ಕಳ ಮಾರ್ಕ್ಸು ಕಂಡು ನಾನು ಯಾವತ್ತೂ ಕರುಬಿದವನಲ್ಲ. ನನ್ನ ಹೊಟ್ಟೆ ಉರಿಯುವುದು ಹಿಮದ ವಿಷಯಕ್ಕೆ. ಲಂಡನ್ನಿನ ಹ್ಯಾರೋ ಗುಡ್ಡದ ಮೇಲೆ ಎರಡು ಇಂಚು ಹಿಮ ಬಿದ್ದು, ಕೆಂಟನ್ನಿನ ನಮ್ಮ ಹಿತ್ತಲಲ್ಲಿ ಬರೀ ತುಂತುರು ಬಿದ್ದರೆ ಆ ದಿನ ನನಗೆ ಊಟ ಸೇರುವುದಿಲ್ಲ.

ಹಿತ್ತಲ ನಡುವೆ ಮಳೆ ಅಳೆಯುವ ಕೊಳವೆ ನೆಟ್ಟಿದ್ದೇನೆ. ಪಕ್ಕದಲ್ಲಿ ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರು. ಬೆಳಿಗ್ಗೆ ಒಂಬತ್ತಕ್ಕೆ ಎರಡನ್ನೂ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅಕ್ಸ್‌ಬ್ರಿಡ್ಜ್‌ನ ಆಫೀಸಿಗೆ ಹೋಗುವ ದಿನಗಳಲ್ಲಿ ಆ ಕೆಲಸ ಹೆಂಡತಿಯದು. ಕೊಳವೆಗೆ ಮಾಡುವ ಸೇವೆಯಲ್ಲಿ ಅರ್ಧ ದೇವರಿಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ದೇವರೇ ಕರುಣಿಸಿ ಹಿಮ ಬೀಳಿಸುತ್ತಿದ್ದ ಎನ್ನುತ್ತಾಳೆ. ಉಳಿದ ಹೊತ್ತೆಲ್ಲ ಮುನ್ಸೂಚನೆಯ ನಕ್ಷೆಗಳನ್ನು ನೋಡುವುದು. ದಿನಕ್ಕೆ ನಾಲ್ಕು ಸಲ ಹೊಸ ನಕ್ಷೆಗಳು ಬರುತ್ತವೆ. ವಾರದ ಮುಂಚೆ ಲಂಡನ್ನಿನ ಮೇಲೆಲ್ಲ ಹಿಮ ಕಾಣಿಸುತ್ತದೆ, ದಿನ ಹತ್ತಿರವಾದಂತೆ ಕರಗುತ್ತ ಬಂದು ಕೊನೆಗೆ ಮಳೆಯಾಗುತ್ತದೆ. ಇದು ಗೊತ್ತಿದ್ದೂ ನೋಡುತ್ತೇವೆ. ನಮ್ಮಂಥವರಿಗೆ ಒಂದು ರೋಗವಿದೆ: ಇಪ್ಪತ್ತು ನಕ್ಷೆಗಳಲ್ಲಿ ಹತ್ತೊಂಬತ್ತು ಮಳೆ ಎಂದರೂ ಹಿಮ ಎನ್ನುವ ಇಪ್ಪತ್ತನೆಯದನ್ನೇ ಎದೆಗಪ್ಪಿಕೊಳ್ಳುತ್ತೇವೆ.

ಸುತ್ತಲಿನ ಕನ್ನಡ ಕುಟುಂಬಗಳ ವಾಟ್ಸಾಪ್ ಗುಂಪಿನಲ್ಲಿ ಹಲವು ವರ್ಷ ನಾನೇ ಹವಾಮಾನ ಪಂಡಿತ. ಪಿಕ್ನಿಕ್ಕಿಗೆ ಮೊದಲು, ಗೃಹಪ್ರವೇಶಕ್ಕೆ ಮೊದಲು ಜನ ನನ್ನನ್ನು ಕೇಳುತ್ತಿದ್ದರು. ಆಮೇಲೆ ಅವಳು ಬಂದಳು. ಬೆಂಗಳೂರಿನ ಹುಡುಗಿ, ಐಟಿ ಕೆಲಸ, ಗಂಡನ ಜೊತೆ ಕೊಲಿಂಡೇಲ್‌ನಲ್ಲಿ ಹದಿನಾಲ್ಕನೇ ಮಹಡಿಯ ಬಾಡಿಗೆ ಫ್ಲಾಟು. ಕೊಳವೆ ನೆಡಲು ಒಂದು ಗೇಣು ಮಣ್ಣಿಲ್ಲ. ಹಿತ್ತಲೇ ಇಲ್ಲದವಳಿಗೆ ಹವಾಮಾನದ ಗೊಡವೆ ಯಾಕೆ ಎಂದು ಮೂಗು ಮುರಿದೆ. ಅವಳು ‘ಹಿಮ ಶೇಕಡಾ ಮೂವತ್ತು’ ಎಂದು ಬರೆಯುತ್ತಿದ್ದಳು. ಪಂಡಿತನಾದವನು ಶೇಕಡಾ ಹೇಳುವುದುಂಟೇ? ಆದರೆ ಅವಳು ಹೇಳಿದ್ದು ಆಗುತ್ತ ಹೋಯಿತು. ನನಗೆ ಬರುತ್ತಿದ್ದ ಕೈಮುಗಿದ ಚಿತ್ರಗಳು ಅವಳಿಗೆ ಹೋಗತೊಡಗಿದವು.

ಡಿಸೆಂಬರಿನ ಒಂದು ಸಂಜೆ ಐದು ಗಂಟೆಗೆ ಅವಳು ವಿಡಿಯೊ ಹಾಕಿದಳು. ಬಾಲ್ಕನಿಯ ಆಚೆ ದಪ್ಪ ದಪ್ಪ ಹಿಮ ಇಳಿಯುತ್ತಿತ್ತು. ನಾನು ಕೋಟು ಏರಿಸಿಕೊಂಡು ಓಡಿಹೋಗಿ ರಸ್ತೆಯ ದೀಪದ ಕಂಬದ ಕೆಳಗೆ ನಿಂತೆ. ಬೀಳುವುದು ಹಿಮವೋ ನೀರೋ ಎಂದು ದೀಪದ ಬೆಳಕಿನಲ್ಲಿ ಕಾಣುತ್ತದೆ, ಹಿಮದ ಹುಚ್ಚಿನವರೆಲ್ಲ ಹೀಗೇ ಮಾಡುವುದು. ಬರೀ ನೀರು. ಒದ್ದೆಯಾಗಿ ಒಳಗೆ ಬಂದು ನೋಡಿದರೆ ಅವಳ ಇನ್ನೊಂದು ಸಂದೇಶ ಬಂದಿತ್ತು. ಅಷ್ಟು ಎತ್ತರದಲ್ಲಿ ಮಾತ್ರ ಹಿಮ, ನೆಲ ಮುಟ್ಟುವಷ್ಟರಲ್ಲಿ ಕರಗುತ್ತದೆ ಅಂಕಲ್ ಎಂದು ವಿನಯದಿಂದ ವಿವರಿಸಿದ್ದಳು. ಅವಳು ಹುಟ್ಟುವ ಮೊದಲೇ ನನಗೆ ಅದು ಗೊತ್ತಿತ್ತು. ಆದರೂ ಅವಳು ಹಿಮ ಕಂಡಿದ್ದಳು, ನಾನು ಕಂಡಿರಲಿಲ್ಲ.

ಜನವರಿಯಲ್ಲಿ ಸಂಕ್ರಾಂತಿಯ ಕೂಟ ಭಾನುವಾರಕ್ಕೆ ನಿಗದಿಯಾಗಿತ್ತು. ಅಡುಗೆಯೆಲ್ಲ ಅಕ್ಕನದು. ಕುಂದಾಪುರದವರು, ಊರಿಗೆಲ್ಲ ಅವರು ಅಕ್ಕ. ನಮ್ಮ ರಸ್ತೆಯ ತಗ್ಗಿನ ತುದಿಯಲ್ಲಿ ಅವರ ಮನೆ, ಹಿತ್ತಲ ಬೇಲಿಯಾಚೆ ತೊರೆ. ಗ್ಯಾರೇಜನ್ನೇ ಅಡುಗೆಮನೆ ಮಾಡಿಕೊಂಡಿದ್ದರು. ಎರಡು ಗ್ರೈಂಡರು, ಅಕ್ಕಿ ಚೀಲಗಳು, ಎಲ್ಲ ನೆಲದ ಮೇಲೆ. ಅಲ್ಲೇ ಎಳ್ಳು ಬೆಲ್ಲದ ರಟ್ಟಿನ ಪೆಟ್ಟಿಗೆಗಳೂ ಇದ್ದವು. ಹೆಂಗಸರು ಸೇರಿ ಎರಡು ವಾರ ಕೂತು ಕೊಬ್ಬರಿ, ಬೆಲ್ಲ ಹೆಚ್ಚಿದ್ದರು. ಸಕ್ಕರೆ ಅಚ್ಚು ಮಾತ್ರ ಅಕ್ಕನೊಬ್ಬರೇ ಹೊಯ್ದದ್ದು. ಅವರ ಊರ ಕಡೆ ಅಚ್ಚಿನ ರೂಢಿ ಇಲ್ಲ. ಮೈಸೂರಿನವರೊಬ್ಬರಿಂದ ಲಂಡನ್ನಿನಲ್ಲಿ ಕಲಿತು, ಮೈಸೂರಿನವರೇ ಬೆರಗಾಗುವಂತೆ ಮಾಡುತ್ತಿದ್ದರು.

ಅದಕ್ಕೆ ಮುಂಚೆ ಒಂದು ವಾರ ಮಳೆ ಬಿಟ್ಟಿರಲಿಲ್ಲ. ನೆಲ ನೀರು ಕುಡಿದು ಸಾಕಾಗಿತ್ತು. ಶುಕ್ರವಾರ ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆ ಬಂತು: ಶನಿವಾರ ಮಳೆ ಇರಬಹುದು, ಹಿಮವೂ ಇರಬಹುದು. ಗುಂಪಿನಲ್ಲಿ ಎಲ್ಲರೂ ಏನು ಕಥೆ ಎಂದು ಕೇಳತೊಡಗಿದರು. ಅವಳು ಮೊದಲು ಬರೆದಳು. ಮಳೆ ಶೇಕಡಾ ಎಂಬತ್ತು, ತೊರೆಯ ಹತ್ತಿರ ಇರುವವರು ಇವತ್ತೇ ನೆಲದ ಮೇಲಿನ ಸಾಮಾನು ಎತ್ತಿಟ್ಟುಕೊಳ್ಳಿ.

ನನ್ನ ನಕ್ಷೆಗಳು, ನನ್ನ ಥರ್ಮಾಮೀಟರು ಎರಡೂ ಅದನ್ನೇ ಹೇಳುತ್ತಿದ್ದವು. ಅವಳು ಬರೆಯದೇ ಇದ್ದಿದ್ದರೆ ನಾನೂ ಮಳೆ ಎಂದೇ ಬರೆಯುತ್ತಿದ್ದೆ. ಅವಳು ಹೇಳಿದ್ದಕ್ಕೆ ತಲೆಯಾಡಿಸುವುದಾದರೆ ನಾನು ಇರುವುದಾದರೂ ಯಾಕೆ? ಎಲ್ಲ ನಕ್ಷೆಗಳನ್ನೂ ತಡಕಾಡಿ ಹಿಮ ತೋರಿಸುವ ಒಂದನ್ನು ಹುಡುಕಿ ತೆಗೆದೆ. ಬೀಳುವುದು ಹಿಮ, ಹಿಮ ನೆಲದ ಮೇಲೆ ಕೂರುತ್ತದೆ, ತೊರೆಗೆ ಹರಿಯುವುದಿಲ್ಲ, ಯಾರೂ ಹೆದರಬೇಡಿ ಎಂದು ಆ ನಕ್ಷೆಯ ಜೊತೆ ಬರೆದು ಕಳಿಸಿದೆ. ಮಕ್ಕಳಿದ್ದ ಮನೆಯವರಿಗೆಲ್ಲ ಖುಷಿಯೋ ಖುಷಿ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು.

ಸಂಜೆ ಅಕ್ಕ ಫೋನ್ ಮಾಡಿದರು. ಅವರ ಗಂಡ ಹೋಟೆಲ್ ಕೆಲಸದಿಂದ ಇನ್ನೂ ಬಂದಿರಲಿಲ್ಲ.

“ಅಣ್ಣ, ಸಾಮಾನ್ ಎಲ್ಲ ಎತ್ತಿ ಇಡ್ಕಾ? ನಂಗ್ ಒಬ್ಳಿಗೆ ಆತಿಲ್ಲೆ.”

ಅವರ ಮನೆಗೆ ಐದು ನಿಮಿಷದ ನಡಿಗೆ. ಹೋಗಿ ನಾನೇ ಎತ್ತಿಡಬಹುದಿತ್ತು. ಹೋದರೆ ಅವಳ ಮಾತು ಒಪ್ಪಿದಂತೆ. “ಬ್ಯಾಡ ಅಕ್ಕ, ಬೀಳೂದು ಹಿಮ,” ಅಂದೆ.

ಶನಿವಾರ ಬೆಳಗಿನ ಜಾವದಿಂದಲೇ ಮಳೆ ಸುರಿಯಿತು. ಒಂದು ಎಸಳು ಹಿಮ ಬೀಳಲಿಲ್ಲ. ಒಂಬತ್ತಕ್ಕೆ ಕೊಳವೆ ನೋಡಿದೆ, ಆ ಚಳಿಗಾಲದಲ್ಲಿ ಅಷ್ಟು ನೀರನ್ನು ನಾನು ಬರೆದೇ ಇರಲಿಲ್ಲ. ಹನ್ನೊಂದರ ಹೊತ್ತಿಗೆ ತೊರೆ ಬೇಲಿ ದಾಟಿತು ಎಂದು ಗುಂಪಿನಲ್ಲಿ ಸುದ್ದಿ ಬಂತು. ಗಂಬೂಟು ಹಾಕಿಕೊಂಡು ಹೋದೆ. ಗ್ಯಾರೇಜಿನಲ್ಲಿ ಮೊಣಕಾಲಿನವರೆಗೆ ಕೆಸರು ನೀರು. ಗ್ರೈಂಡರುಗಳ ಮೋಟರು ಮುಳುಗಿತ್ತು. ಎಳ್ಳು ಮೇಲೆ ತೇಲುತ್ತಿತ್ತು. ಅಚ್ಚಿನ ಪೆಟ್ಟಿಗೆಯೊಂದನ್ನು ಎತ್ತಿದರೆ ತಳ ಕಳಚಿಕೊಂಡಿತು. ಒಳಗೆ ಏನೂ ಇರಲಿಲ್ಲ, ಸಕ್ಕರೆಯೆಲ್ಲ ನೀರಿನ ಪಾಲಾಗಿತ್ತು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಕೋತಿಗೆ ಗಂಬೂಟು ಇತ್ತೆಂದು ಗೊತ್ತಿರಲಿಲ್ಲ.

ಕೊಲಿಂಡೇಲ್ ಹುಡುಗಿ ಯಾರೂ ಕರೆಯದೆ ಗಂಡನ ಜೊತೆ ಬಸ್ಸು ಹಿಡಿದು ಬಂದಳು. ಪ್ಯಾಂಟು ಮಡಚಿಕೊಂಡು ಬಕೆಟ್ಟಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲತೊಡಗಿದಳು. ನಾನು ಹೇಳಿರಲಿಲ್ಲವಾ ಎಂದು ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವಳ ಒಳ್ಳೆಯತನ ಕಂಡೂ ನನ್ನ ಹೊಟ್ಟೆ ಉರಿಯಿತು.

ಮಧ್ಯಾಹ್ನ ನೀರು ಇಳಿಯಿತು. ನಾನು ಒದ್ದೆ ಪೆಟ್ಟಿಗೆಗಳನ್ನು ಆಯ್ದು ಹೊರಗೆ ಹಾಕುತ್ತಿದ್ದೆ. ಹುಡುಗಿಯೂ ಅವಳ ಗಂಡನೂ ಹಾಳಾದ ಅಕ್ಕಿ ಚೀಲ ಹೊತ್ತುಕೊಂಡು ಹೊರಗೆ ಹೋದಾಗ ಅಕ್ಕ ನೆಲ ಒರೆಸುವ ಬಟ್ಟೆ ಹಿಂಡುತ್ತ ನನ್ನ ಹತ್ತಿರ ಬಂದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ತಪ್ಪು ಮಾಡಿದವರಂತೆ ದನಿ ತಗ್ಗಿಸಿ ಹೇಳಿದರು:

“ಆ ಹೆಣ್ಣ್ ನಿನ್ನೆ ಎರಡ್ ಸಲ ಫೋನ್ ಮಾಡಿತ್. ಗಂಡನ್ನ ಕರ್ಕಂಡ್ ಬಂದ್ ಎಲ್ಲ ಎತ್ತಿ ಇಡ್ತೆ ಅಂತ್. ನಾನೇ ಬ್ಯಾಡ ಅಂದೆ. ನಮ್ ಅಣ್ಣ ಹೇಳಿರ್ ಮೇಲೆ ಮುಗಿತ್ ಅಂದೆ.”

ಆ ಮಾತು ಕೇಳಿ ನಾಚಿಕೆಯಿಂದ ಕುಸಿದೆ ಎಂದು ಬರೆಯಬೇಕು. ನಾಚಿಕೆ ಆಮೇಲೆ ಬಂತು, ಬೇಕಾದಷ್ಟು ಬಂತು. ಮೊದಲು ಬಂದದ್ದು ಸಂತೋಷ. ಆ ಕೆಸರಿನಲ್ಲಿ, ತಳ ಕಳಚಿದ ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡು, ಅಕ್ಕ ಅವಳ ಮಾತು ಬಿಟ್ಟು ನನ್ನ ಮಾತು ನಂಬಿದರು ಎಂದು ನಾನು ಹಿಗ್ಗಿದೆ.