ವೆಂಕಟರಮಣ ಮೇಷ್ಟ್ರ ರೇಷ್ಮೆ ಪುಟ

ಮುಳಬಾಗಿಲಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ವೆಂಕಟರಮಣ ಅವರಿಗೆ ರೇಷ್ಮೆ ಹುಳು ಸಾಕಿ ಗೊತ್ತಿರಲಿಲ್ಲ. ಬರೆಯುವುದು, ಬರೆದದ್ದನ್ನು ಒಪ್ಪವಾಗಿಡುವುದು ಗೊತ್ತಿತ್ತು. ೨೦೦೨ರಲ್ಲಿ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್ ಬಂದಾಗ ವೆಬ್ ಪುಟ ಮಾಡುವುದನ್ನು ಪುಸ್ತಕ ನೋಡಿಯೇ ಕಲಿತರು. ಸುತ್ತಮುತ್ತ ಹಿಪ್ಪುನೇರಳೆ ತೋಟಗಳಿದ್ದವು. ಹಾಗಾಗಿ ಕೈಗೆ ಸಿಕ್ಕ ಒಂದು ಕೈಪಿಡಿಯನ್ನಿಟ್ಟುಕೊಂಡು ಹುಳು ಸಾಕಣೆಯ ಬಗ್ಗೆಯೇ ಬರೆದು, ದುಡ್ಡಿಲ್ಲದೆ ಜಾಗ ಕೊಡುತ್ತಿದ್ದ ಒಂದು ತಾಣದಲ್ಲಿ ಹಾಕಿದರು.

ಆಗ ಎಲ್ಲ ಕಂಪ್ಯೂಟರುಗಳಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಬರೆದದ್ದನ್ನೆಲ್ಲ ಚಿತ್ರಗಳನ್ನಾಗಿ ಮಾಡಿ ಏರಿಸಬೇಕಿತ್ತು. ಒಂದಕ್ಷರ ತಿದ್ದಬೇಕಾದರೂ ಇಡೀ ಚಿತ್ರವನ್ನು ಹೊಸದಾಗಿ ಮಾಡಬೇಕು. ಪುಟದ ಕೆಳಗೆ ಎಷ್ಟು ಜನ ನೋಡಿದರೆಂದು ತೋರಿಸುವ ಅಂಕಿಯೊಂದಿತ್ತು. ಅದರಲ್ಲಿ ಅರ್ಧದಷ್ಟು ಸಲ ನೋಡಿದವರು ತಾವೇ ಎಂಬುದು ಅವರಿಗೂ ಗೊತ್ತಿತ್ತು. ಓದಿದವರು ಏನಂದುಕೊಂಡರೆಂದು ತಿಳಿಯುವ ದಾರಿ ಇರಲಿಲ್ಲ.

ಏಳು ವರ್ಷದ ಮೇಲೆ ಆ ಉಚಿತ ತಾಣ ಮುಚ್ಚಿಹೋಯಿತು. ಮೇಷ್ಟ್ರು ಎಲ್ಲವನ್ನೂ ಮತ್ತೆ ಕೂತು ಟೈಪ್ ಮಾಡಿ ಬ್ಲಾಗಿಗೆ ಹಾಕಿದರು. ಅಲ್ಲಿ ಓದಿದವರೂ ಬರೆಯಬಹುದಿತ್ತು. ಮೊದಲ ಪ್ರತಿಕ್ರಿಯೆ ಸುಗಟೂರಿನ ಚಂದನ ಎಂಬ ಕಾಲೇಜು ಹುಡುಗಿಯದು. ಹುಳು ಪೊರೆ ಬಿಡಲು ಮಲಗಿದಾಗ ಸೊಪ್ಪು ಸ್ವಲ್ಪ ಹಾಕಿ ಎಂದು ನೀವು ಬರೆದದ್ದು ತಪ್ಪು, ನಮ್ಮಮ್ಮ ಹೇಳಿದರು ಎಂದಿತ್ತು.

ಮೇಷ್ಟ್ರ ಮುಖ ಚಿಕ್ಕದಾಯಿತು. ಏಳು ವರ್ಷ ತಪ್ಪು ಹೇಳಿಕೊಂಡು ಬಂದೆನಲ್ಲ ಎಂದು ಎರಡು ದಿನ ಸಂಕಟಪಟ್ಟರು. ಮೂರನೆಯ ದಿನ ಕೋಲಾರಕ್ಕೆ ಹೋಗಿ, ಅಲ್ಲಿಂದ ಸುಗಟೂರಿನ ಬಸ್ಸು ಹತ್ತಿದರು.

ಚಂದನಳ ತಾಯಿ ಅನಸೂಯಮ್ಮ ಹುಳುಮನೆಯಲ್ಲಿದ್ದರು. ತಟ್ಟೆಯಲ್ಲಿ ತಲೆಯೆತ್ತಿ ಅಲುಗಾಡದೆ ಪೊರೆಯ ನಿದ್ದೆಯಲ್ಲಿದ್ದ ಹುಳುಗಳನ್ನು ತೋರಿಸಿ ಹೇಳಿದರು: "ಈಗ ಸೊಪ್ಪು ಹಾಕಿದ್ರೆ ಮೊದ್ಲು ಎದ್ದಿದ್ದು ತಿನ್ಕೊಂಡು ಮುಂದೆ ಹೋಗ್ತದೆ ಮೇಷ್ಟ್ರೇ, ಲೇಟಾಗಿ ಎದ್ದಿದ್ದು ಹಿಂದೆ ಬೀಳ್ತದೆ. ಎಲ್ಲಾ ಏಳೋವರ್ಗೂ ಕಾಯ್ಬೇಕು."

ಮನೆಗೆ ಬಂದು ನೋಡಿದರೆ ಕೈಪಿಡಿಯಲ್ಲೂ ಹಾಗೆಯೇ ಇತ್ತು. ಮೊದಲ ಸಲ ಟೈಪ್ ಮಾಡುವಾಗ ಒಂದು ಸಾಲು ಬಿಟ್ಟುಹೋಗಿ, ಹುಳು ಮಲಗುವ ಮುಂಚಿನ ಮಾತು ಮಲಗಿದ ಮೇಲಿನದಾಗಿತ್ತು. ಮೇಷ್ಟ್ರು ಅದನ್ನು ತಿದ್ದಿ, ತಿದ್ದಿದವರು ಸುಗಟೂರಿನ ಅನಸೂಯಮ್ಮ ಎಂದು ಕೆಳಗೆ ಹಾಕಿದರು. ಅದನ್ನು ನೋಡಿ ಬೇರೆಯವರೂ ಬರೆಯತೊಡಗಿದರು. ಆವನಿಯ ನರಸಿಂಹಪ್ಪ ಬಿಸಿಲುಗಾಲದಲ್ಲಿ ಹುಳುಮನೆ ತಂಪಾಗಿಡುವುದನ್ನು ಬರೆದರು. ಬ್ಲಾಗು ಫೇಸ್‌ಬುಕ್ ಗುಂಪಾಯಿತು, ಆಮೇಲೆ ವಾಟ್ಸಾಪ್ ಗುಂಪೂ ಆಯಿತು. ಓದುಬರಹ ಅಷ್ಟಾಗಿ ಬಾರದ ಅನಸೂಯಮ್ಮ ಅಲ್ಲಿ ಮಾತಾಡಿಯೇ ಕಳಿಸುತ್ತಿದ್ದರು. ಮೇಷ್ಟ್ರು ಅವರನ್ನೇ ಅಡ್ಮಿನ್ ಮಾಡಿದರು.

ಈಗ ಗುಂಪಿನಲ್ಲಿ ಎಂಟುನೂರು ಜನ. ಹೋದ ವರ್ಷ ಯಾರೋ ಒಂದು ಫಾರ್ವರ್ಡ್ ಹಾಕಿದರು: ಸೊಪ್ಪಿಗೆ ಸಕ್ಕರೆ ನೀರು ಚಿಮುಕಿಸಿದರೆ ಗೂಡಿನ ತೂಕ ದುಪ್ಪಟ್ಟಾಗುತ್ತದಂತೆ. ಮೇಷ್ಟ್ರು ಕನ್ನಡಕ ಹುಡುಕುವಷ್ಟರಲ್ಲಿ ಅನಸೂಯಮ್ಮನ ದನಿ ಬಂದಿತ್ತು.

"ಕಳ್ಸಿದೋರು ನಿಮ್ಮ ಹುಳಕ್ಕೆ ಹಾಕಿ ನೋಡಿದ್ದೀರಾ? ನೋಡಿದ್ರೆ ಫೋಟೋ ಹಾಕಿ, ಇಲ್ದಿದ್ರೆ ತೆಗೀರಿ. ಒದ್ದೆ ಸೊಪ್ಪು ತಿಂದ್ರೆ ಹುಳಕ್ಕೆ ರೋಗ ಬರ್ತದೆ."

ಹಾಕಿದವರು ತೆಗೆದರು, ಕ್ಷಮೆಯನ್ನೂ ಕೇಳಿದರು. ಮೇಷ್ಟ್ರು ಒಂದಕ್ಷರವನ್ನೂ ಟೈಪ್ ಮಾಡಬೇಕಾಗಲಿಲ್ಲ. ಅನಸೂಯಮ್ಮನ ದನಿಯನ್ನು ಹೆಂಡತಿ ಸುಂದರಾಬಾಯಿಗೆ ಎರಡು ಸಲ ಕೇಳಿಸಿ, ಇದು ನಮ್ಮ ಗುಂಪು ಎಂದು ಎದೆಯುಬ್ಬಿಸಿ ಹೇಳಿದರು.