ಟೀವಿಯಲ್ಲಿ ನಾನು ತೀರಿಹೋದದ್ದು

ಸಿನಿಮಾದವರಿಗೆ ಕಾಫಿ ಗಿಡ ಗೊತ್ತಿಲ್ಲ ಎನ್ನುವುದು ನನ್ನ ಮಾಮೂಲಿ ತಕರಾರು. ಕಳೆದ ಮಳೆಗಾಲದಲ್ಲಿ ಹೆಂಡತಿ, ಮಗಳನ್ನು ಕರೆದುಕೊಂಡು ಚಿಕ್ಕಮಗಳೂರಿನ ಥಿಯೇಟರಿನಲ್ಲಿ ಒಂದು ಪಿಕ್ಚರ್ ನೋಡಿದೆ. ಅದರಲ್ಲಿ ನಾಯಕಿ ಎಸ್ಟೇಟ್ ಕೆಲಸದವಳು. ಬೆನ್ನಿಗೆ ಬುಟ್ಟಿ ನೇತುಹಾಕಿಕೊಂಡು ಕಾಫಿ ಗಿಡದ ಎಲೆ ಕಿತ್ತು ಕಿತ್ತು ಹಿಂದಕ್ಕೆ ಎಸೆಯುತ್ತಾಳೆ. ಟೀ ತೋಟವನ್ನು ಎಲ್ಲೋ ನೋಡಿಕೊಂಡು ಬಂದು ಕಾಫಿ ತೋಟದಲ್ಲಿ ಶೂಟಿಂಗ್ ಮುಗಿಸಿದ್ದಾರೆ. ಅದೇ ಹಾಡಿನ ಒಂದು ಸಾಲಿಗೆ ಗಿಡದ ತುಂಬ ಬಿಳಿ ಹೂವು, ಮುಂದಿನ ಸಾಲಿಗೆ ಕೆಂಪು ಹಣ್ಣು. "ಹಣ್ಣು ಕುಯ್ಯೋದು ಮಾರಾಯ್ತಿ, ಎಲೆ ಅಲ್ಲ" ಎಂದು ಕೂತಲ್ಲಿಂದಲೇ ಕೂಗಿದೆ. ಹಿಂದಿನ ಸೀಟಿನವರು ನಕ್ಕರು. ಹೆಂಡತಿ ನನಗೂ ತನಗೂ ಸಂಬಂಧವೇ ಇಲ್ಲದವಳ ಹಾಗೆ ಆ ಕಡೆ ತಿರುಗಿ ಕೂತಳು.

ಫೋನಿನಲ್ಲಿ ಬರುವ ಸೀರೀಸ್‌ಗಳದ್ದು ಇನ್ನೊಂದು ಕಥೆ. ಕೊಲೆ ಮಾಡಬೇಕು ಅಂತಾದರೆ ಅವರೆಲ್ಲ ನಮ್ಮ ಕಡೆಗೇ ಬರುತ್ತಾರೆ. ಮಂಜು, ಒಂಟಿ ಬಂಗಲೆ, ಚಾರ್ಮಾಡಿ ಘಾಟಿಯ ತಿರುವಿನಲ್ಲೊಂದು ಹೆಣ. ಅಷ್ಟೆಲ್ಲ ಕೊಲೆ ನಿಜವಾಗಿ ಆಗಿದ್ದರೆ ಕೊಟ್ಟಿಗೆಹಾರದ ಹೋಟೆಲುಗಳಲ್ಲಿ ನೀರುದೋಸೆ ತಿನ್ನುವುದಕ್ಕೆ ಜನವೇ ಉಳಿಯುತ್ತಿರಲಿಲ್ಲ.

ಆದರೆ ನನ್ನ ಸಿಟ್ಟೆಲ್ಲ ಮೀಸಲಾಗಿದ್ದದ್ದು ಟೀವಿಯ ಹಾಡುವ ಸ್ಪರ್ಧೆಗಳಿಗೆ. ಹೆಸರಿಗೆ ಹಾಡು. ಹಾಡುವ ಮೊದಲು ಹುಡುಗನ ಮನೆ ತೋರಿಸುತ್ತಾರೆ. ಸೋರುವ ಮಾಡು, ಒಲೆ ಊದುವ ಅಮ್ಮ, ಹಿಂದೆ ಪಿಟೀಲು. "ಎಲ್ಲ ನಾಟಕ" ಎಂದು ಸೋಫಾದಲ್ಲಿ ಕೂತು ತೀರ್ಪು ಕೊಡುತ್ತಿದ್ದೆ. ತೀರ್ಪು ಕೊಡುವಾಗಲೇ ಕಣ್ಣಲ್ಲಿ ನೀರೂ ಬರುತ್ತಿತ್ತು. ಅದನ್ನು ಕನ್ನಡಕ ಒರೆಸುವ ನೆಪದಲ್ಲಿ ಮುಗಿಸುತ್ತಿದ್ದೆ.

ಅಂಥ ಒಂದು ಸ್ಪರ್ಧೆಗೆ ನನ್ನ ಮಗಳು ಆಯ್ಕೆಯಾದಳು. ಮೂಡಿಗೆರೆಯಲ್ಲಿ ಪಿಯುಸಿ ಓದುವ ಹುಡುಗಿ. ಚಿಕ್ಕಂದಿನಿಂದ ಚೆನ್ನಾಗಿ ಹಾಡುತ್ತಾಳೆ. ಬೆಂಗಳೂರಿನ ಸ್ಟುಡಿಯೋಗೆ ಮೊದಲ ಸಲ ಅವಳನ್ನು ಹೆಂಡತಿಯೇ ಕರೆದುಕೊಂಡು ಹೋದಳು. ನಮ್ಮಲ್ಲಿ ಹಣ್ಣು ಕುಯ್ಲು ನಡೆಯುತ್ತಿತ್ತು, ಕಣದ ತುಂಬ ಕಾಫಿ ಹರಡಿತ್ತು, ಮೋಡ ಬೇರೆ ಹೆದರಿಸುತ್ತಿತ್ತು. ಹಾಗಾಗಿ ನಾನು ಉಳಿದೆ. ಅವರು ವಾಪಸು ಬಂದ ಮೇಲೆ ಚಾನೆಲ್‌ನವರು ಕ್ಯಾಮೆರಾ ಹೊತ್ತುಕೊಂಡು ನಮ್ಮ ತೋಟಕ್ಕೆ ಬಂದರು. ನಾಟಕ ಎನ್ನುತ್ತಿದ್ದ ಗಂಡಸು ಅವತ್ತು ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು ಇಸ್ತ್ರಿ ಅಂಗಿ ಹಾಕಿ ಗೇಟಿನಲ್ಲಿ ನಿಂತಿದ್ದ.

ಬಂದವರಲ್ಲಿ ಯಜಮಾನಿಕೆ ಮಾಡುತ್ತಿದ್ದ ಯುವಕ ನಮ್ಮ ಮನೆಯನ್ನು ಒಂದು ಸುತ್ತು ನೋಡಿದ. ದೊಡ್ಡ ಮನೆಯೇನಲ್ಲ. ಆದರೆ ತಾರಸಿ ಇದೆ, ಟೈಲ್ಸ್ ಇದೆ, ಶೆಡ್ಡಿನಲ್ಲಿ ಕಾರಿದೆ. ಅವನ ಮುಖ ಇಳಿದುಹೋಯಿತು. "ಸಾರ್, ಇದು ವರ್ಕ್ ಆಗಲ್ಲ. ಸ್ವಲ್ಪ ಕಷ್ಟ ಕಾಣ್ಬೇಕು" ಅಂದ. ನಮಗೆ ಕಷ್ಟ ಇಲ್ಲದ್ದಕ್ಕೆ ನನಗೇ ಒಂದು ಥರ ಕಸಿವಿಸಿಯಾಯಿತು. ಲೈನಿನಲ್ಲಿ ಒಂದು ಮನೆ ಇದೆ, ನೋಡಿ ಎಂದು ಸೂಚಿಸಿದವನು ನಾನೇ. ಲೈನ್ ಅಂದರೆ ತೋಟದ ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳು.

ಆ ಮನೆಯಲ್ಲಿರುವುದು ನಮ್ಮಲ್ಲಿ ಬಹಳ ಕಾಲದಿಂದ ಕೆಲಸ ಮಾಡುವ ಒಬ್ಬ ಹೆಂಗಸು. ಅವಳ ಗಂಡ ಮರಗಸಿ ಮಾಡುತ್ತಿದ್ದ. ಎಂಥ ಎತ್ತರದ ನೆರಳು ಮರ ಹತ್ತಿದರೂ ಮೇಲಿನಿಂದ ಹಾಡುತ್ತ ಕೊಂಬೆ ಕಡಿಯುವವನು. ಕಾಮಾಲೆ ಬಂದು ತೀರಿಹೋದ. ಒಬ್ಬಳೇ ಮಗಳನ್ನು ಬಾಳೆಹೊನ್ನೂರಿಗೆ ಕೊಟ್ಟಿದ್ದಾರೆ. ಟೀವಿಯವರು ಬರುತ್ತಾರೆ, ಸ್ವಲ್ಪ ಹೊತ್ತು ಮನೆ ಬೇಕು ಎಂದಾಗ ಅವಳು ಹಿಗ್ಗಿಹೋದಳು. ನೆಲ ಸಾರಿಸಿ, ಬಾಗಿಲಿಗೆ ರಂಗೋಲಿ ಹಾಕಿ, ಮಗಳ ಮದುವೆಯಲ್ಲಿ ಉಟ್ಟ ಸೀರೆ ಉಟ್ಟುಕೊಂಡು ನಿಂತಳು. ಚಾನೆಲ್‌ನವರು ರಂಗೋಲಿಯನ್ನು ಕಾಲಲ್ಲಿ ಒರೆಸಿದರು. ಅವಳನ್ನು ಕ್ಯಾಮೆರಾದ ಹಿಂದೆ ನಿಲ್ಲಿಸಿದರು. ನನ್ನ ಹೆಂಡತಿಯ ಸೀರೆಗಳಲ್ಲಿ ಯಾವುದೂ ಸಾಕಷ್ಟು ಹಳೆಯದಲ್ಲ ಎಂದು ಆ ಹೆಂಗಸಿನದೇ ಮಾಸಿದ ಸೀರೆಯೊಂದನ್ನು ಕೇಳಿ ಉಡಿಸಿದರು. ಆಮೇಲೆ ಬೆನ್ನಿಗೊಂದು ಬುಟ್ಟಿ ಕಟ್ಟಿದರು. ಹೌದು, ಬೆನ್ನಿಗೇ. ಹಣ್ಣು ಕುಯ್ಯುವವರು ಸೊಂಟಕ್ಕೆ ಚೀಲ ಕಟ್ಟುತ್ತಾರೆ ಎಂದು ನಾನು ಹೇಳಲಿಲ್ಲ. ಬುಟ್ಟಿಯ ಹಗ್ಗ ಸಡಿಲವಾದಾಗ ಬಿಗಿ ಮಾಡಿಕೊಟ್ಟೆ. ಆ ಹೆಂಗಸು ನೋಡುತ್ತ ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಕಾರ್ಯಕ್ರಮ ಬರುವ ಸಂಜೆ ನಮ್ಮ ಮನೆಯಲ್ಲಿ ಜಾತ್ರೆ. ನೆಂಟರು, ಅಕ್ಕಪಕ್ಕದ ತೋಟದವರು, ಲೈನಿನವರು ಎಲ್ಲರೂ ಬಂದಿದ್ದರು. ಕೋಳಿ ಸಾರು, ಕಡುಬು ಮಾಡಿದ್ದೆವು. ಆ ಹೆಂಗಸೂ ಬಾಗಿಲ ಹತ್ತಿರ ತಟ್ಟೆ ಹಿಡಿದು ಕೂತಿದ್ದಳು. ಪರದೆಯ ಮೇಲೆ ಲೈನ್ ಮನೆ ಬಂತು, ಬುಟ್ಟಿ ಹೊತ್ತ ನನ್ನ ಹೆಂಡತಿ ಬಂದಳು, ಪಿಟೀಲು ಬಂತು. ಆಮೇಲೆ ಕ್ಯಾಮೆರಾ ನಿಧಾನವಾಗಿ ಗೋಡೆಯ ಕಡೆ ಹೋಯಿತು. ಅಲ್ಲಿ ಗಂಧದ ಹಾರ ಹಾಕಿದ ಒಂದು ಫೋಟೋ, ಅದರ ಕೆಳಗೆ ಕೆಂಪು ಬಲ್ಬು. ಆ ಹೆಂಗಸಿನ ಗಂಡನ ಫೋಟೋ. ಅದರ ಮೇಲೆ ನನ್ನ ಮಗಳ ದನಿ ಕೇಳಿಸಿತು, "ಅಪ್ಪ ಇದ್ದಿದ್ರೆ ತುಂಬಾ ಖುಷಿ ಪಡ್ತಿದ್ರು."

ಮಗಳು ಎದ್ದು ನಿಂತು, "ನಾನು 'ಇಲ್ಲಿ' ಅಂದಿದ್ದೆ ಅಪ್ಪಾ! 'ಅಪ್ಪ ಇಲ್ಲಿ ಇದ್ದಿದ್ರೆ' ಅಂದಿದ್ದೆ!" ಎಂದು ಕಿರುಚಿದಳು. ಸ್ಟುಡಿಯೋದಲ್ಲಿ ಅವಳನ್ನು ಅಪ್ಪನ ಬಗ್ಗೆ ಕೇಳಿದ್ದರಂತೆ. ತೋಟದಲ್ಲೇ ಉಳಿದ ಅಪ್ಪನನ್ನು ನೆನೆಸಿಕೊಂಡು ಹುಡುಗಿ ಆ ಮಾತು ಹೇಳಿದ್ದಳು. ಅವರು 'ಇಲ್ಲಿ' ಎನ್ನುವ ಒಂದೇ ಒಂದು ಪದ ಕತ್ತರಿಸಿದ್ದರು. ಅಷ್ಟಕ್ಕೇ ನಾನು ಸತ್ತುಹೋಗಿದ್ದೆ.

ನೆಂಟರಲ್ಲೊಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು. ನಗುತ್ತ ತಿರುಗಿದಾಗ ಬಾಗಿಲ ಹತ್ತಿರ ಅರ್ಧ ತಿಂದ ತಟ್ಟೆ ಮಾತ್ರ ಇತ್ತು.

ಮಗಳು ಅವತ್ತೇ ಚಾನೆಲ್‌ಗೆ ಫೋನ್ ಮಾಡಿ ಸರಿಮಾಡಿಸೋಣ ಎಂದು ಹಟ ಹಿಡಿದಳು. "ಒಂದು ರೌಂಡ್ ಹೋಗ್ಲಿ ಬಿಡು, ಆಮೇಲೆ ನೋಡಣ" ಅಂದೆ. ಯಾಕೆಂದರೆ ಓಟು ಸುರಿಯುತ್ತಿತ್ತು. ಅಪ್ಪನಿಲ್ಲದ ಹುಡುಗಿ ಎಂದು ಕಂಡು ಕೇಳರಿಯದ ಊರಿನವರೆಲ್ಲ ಓಟು ಹಾಕುತ್ತಿದ್ದರು. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಫ್ಲೆಕ್ಸ್ ಎದ್ದಿತು. ನನ್ನನ್ನು ಕಂಡವರು, "ಏನ್ ಮಾರಾಯ, ತಿಥಿ ಊಟ ಯಾವಾಗ?" ಎಂದು ಕೀಟಲೆ ಮಾಡಿದರು. ಆಲ್ದೂರಿನಲ್ಲಿ ಕಾಫಿ ಕೊಳ್ಳುವ ವ್ಯಾಪಾರಿ, "ಸತ್ತೋರ ಹತ್ರ ರೇಟ್ ಚೌಕಾಸಿ ಮಾಡಲ್ಲಪ್ಪ ನಾನು" ಎಂದು ಕೈ ಮುಗಿದ. ನನಗೆ ಅದು ಖುಷಿಯಾಗಿಯೇ ಇತ್ತು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೋದಲ್ಲೆಲ್ಲ ನನ್ನ ಸಾವಿನ ಕಥೆಯನ್ನು ನಾನೇ ರಂಗಾಗಿ ಹೇಳುತ್ತಿದ್ದೆ.

ಆ ಹೆಂಗಸು ಮಾರನೆಯ ದಿನದಿಂದ ಎಂದಿನಂತೆ ಕೆಲಸಕ್ಕೆ ಬಂದಳು, ಏನೂ ಹೇಳಲಿಲ್ಲ. ಸಿಟ್ಟಿಲ್ಲ ಎಂದುಕೊಂಡು ಸಮಾಧಾನವಾಯಿತು. ಕೆಲವು ದಿನ ಕಳೆದು ಕಣದಲ್ಲಿ ಒಣಗಲು ಹಾಕಿದ ಕಾಫಿ ಎಳೆದು ಹರಡುತ್ತಿದ್ದವಳು ಕೆಲಸ ನಿಲ್ಲಿಸಿ ನನ್ನ ಹತ್ತಿರ ಬಂದಳು.

"ಗೌಡ್ರೆ, ಒಂದ್ ಮಾತು. ನಮ್ ಹುಡುಗಿ ಬಾಳೆಹೊನ್ನೂರಿಂದ ಫೋನ್ ಮಾಡಿ ಒಂದೇ ಸಮ ಅಳ್ತಾಳೆ. ಅವ್ವಾ, ನಮ್ಮಪ್ಪನ್ನ ಯಾರಿಗೋ ಅಪ್ಪ ಮಾಡಿಟ್ಟಿದಾರಲ್ಲ ಅಂತಾಳೆ. ಗಂಡನ ಮನೇಲಿ ಅವ್ಳೂ ಅದೇ ಫೋಟೋ ಇಟ್ಕಂಡಿದಾಳೆ. ಬಂದೋರೆಲ್ಲ ಕೇಳ್ತಾರಂತೆ, ಇದು ಆ ಹಾಡೋ ಹುಡುಗಿ ಅಪ್ಪ ಅಲ್ವಾ, ನಿಮ್ಮನೇಲಿ ಯಾಕಿದೆ ಅಂತ."

ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ತಪ್ಪಾಯಿತು ಎಂದೇನೋ ತೊದಲಿದೆ.

"ತಪ್ಪು ಗಿಪ್ಪು ಬ್ಯಾಡ" ಅಂದಳು. "ಹುಡುಗಿ ಮುಂದಿನ್ ಸಲ ಹಾಡೋವಾಗ ಒಂದೇ ಒಂದ್ ಮಾತು ಹೇಳ್ಸಿ. ಆ ಫೋಟೋ ನಮ್ಮನೆಯೋರ್ದು ಅಂತ. ಹೆಸರು ಹೇಳಿದ್ರೆ ಸಾಕು."

"ಖಂಡಿತ ಹೇಳಿಸ್ತೀನಿ" ಅಂದೆ. ಅಂದಾಗ ನಿಜವಾಗಿಯೂ ಹೇಳಿಸುವ ಮನಸ್ಸಿತ್ತು.

ಅವತ್ತೇ ಚಾನೆಲ್‌ನ ಆ ಯುವಕನಿಗೆ ಫೋನ್ ಮಾಡಿದೆ. ಯಾರು ಮಾತಾಡೋದು ಎಂದು ಕೇಳಿದ. ಹುಡುಗಿಯ ಅಪ್ಪ ಅಂದೆ. ಅವನು ಮೆತ್ತಗಿನ ದನಿಯಲ್ಲಿ, "ಸಾರ್, ಯಾರ ಹತ್ರನೂ ಹಾಗೆ ಹೇಳ್ಕೋಬೇಡಿ ಪ್ಲೀಸ್" ಅಂದ. ನಾನು ಫೋಟೋದ ವಿಷಯ ಹೇಳಿದೆ. "ಈಗ ಅದನ್ನ ಹೇಳಿದ್ರೆ ನಿಮ್ಮ ಮಗಳೇ ಸುಳ್ಳಿ ಆಗ್ತಾಳೆ ಸಾರ್. ಜನ ಬಿಡಲ್ಲ. ಅವಳ ಫ್ಯೂಚರ್ ಯೋಚನೆ ಮಾಡಿ. ಮತ್ತೆ ಸಾರ್, ನೀವು ಸ್ಟುಡಿಯೋ ಕಡೆ ಬರ್ಲೇಬೇಡಿ" ಎಂದ.

ಇಷ್ಟು ಹೇಳಿ ತಪ್ಪೆಲ್ಲ ಅವನ ತಲೆಗೆ ಕಟ್ಟಿಬಿಡಬಹುದು. ಆದರೆ ವೇದಿಕೆಯ ಮೇಲೆ ಮೈಕ್ ಹಿಡಿದು ನಿಲ್ಲುವವಳು ನನ್ನ ಮಗಳು. ಆ ಹೆಂಗಸು ಕೇಳಿಕೊಂಡದ್ದನ್ನು ಅವಳಿಗೊಂದು ಮಾತು ಹೇಳಿದ್ದರೆ ಸಾಕಿತ್ತು. ಯಾರು ಬೇಡವೆಂದರೂ ಅವಳು ಹೇಳಿಬಿಡುತ್ತಿದ್ದಳು. ನನಗೆ ಅವಳ ಸ್ವಭಾವ ಗೊತ್ತು. ಅದಕ್ಕೇ ಹೇಳಲಿಲ್ಲ. ಮುಂದಿನ ರೆಕಾರ್ಡಿಂಗಿಗೆ ಅಮ್ಮ ಮಗಳು ಹೊರಟಾಗ, ಗಂಟಲು ಜೋಪಾನ, ಬಿಸಿನೀರು ಕುಡಿ ಎಂದಷ್ಟೇ ಹೇಳಿ ಬಸ್ ಹತ್ತಿಸಿದೆ.

ರೆಕಾರ್ಡಿಂಗ್ ಮುಗಿದ ಮೇಲೆ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಅಪ್ಪನಿಗೋಸ್ಕರ ಹಾಡು, ಮೇಲೆ ನೋಡ್ಕೊಂಡು ಹಾಡು ಅಂದ್ರು ಅಪ್ಪಾ. ನಾನು ಲೈಟ್ ನೋಡ್ಕೊಂಡು ಹಾಡಿದೆ" ಅಂದಳು. ದನಿ ಸಣ್ಣಗಾಗಿತ್ತು. ಪರವಾಗಿಲ್ಲ ಮಗಾ ಅಂದೆ. ನಿನ್ನ ಹಟವೇ ಸರಿಯಾಗಿತ್ತು ಎಂದು ಹೇಳಬೇಕಿತ್ತು.

ಅದು ಪ್ರಸಾರವಾದ ಸಂಜೆ ಅಮ್ಮ ಮಗಳು ಇನ್ನೂ ಬೆಂಗಳೂರಿನಲ್ಲೇ ಇದ್ದರು, ಮನೆಯಲ್ಲಿ ನಾನೊಬ್ಬನೇ ಇದ್ದೆ. ಆ ಹೆಂಗಸು ಬಂದಳು. ಬನ್ನಿ ಎಂದು ನಾನು ಕರೆದಿರಲಿಲ್ಲ, ಬರಬೇಡಿ ಎನ್ನುವ ಧೈರ್ಯವೂ ಇರಲಿಲ್ಲ. ಮಗಳ ಮದುವೆಯ ಅದೇ ಸೀರೆ ಉಟ್ಟಿದ್ದಳು. ಈ ಸಲ ಕುರ್ಚಿ ಹಾಕಿದೆ, ಕೂತಳು. ಕೂತವಳೇ ಬಾಳೆಹೊನ್ನೂರಿಗೆ ಫೋನ್ ಮಾಡಿ, "ಟೀವಿ ಹಾಕಿದ್ಯಾ? ಹೇಳ್ತಾರೆ, ನೋಡ್ತಿರು" ಎಂದಳು. ಹೇಳುವುದಿಲ್ಲ ಎಂದು ಆಗಲಾದರೂ ಹೇಳಬಹುದಿತ್ತು. ನಾನು ಟೀವಿಯ ದನಿ ಜೋರು ಮಾಡಿದೆ.

ಮಗಳು ಬಂದಳು. ತೀರ್ಪುಗಾರರು, ನಿಮ್ಮ ತಂದೆ ಎಲ್ಲಿಂದಲೋ ಕೇಳಿಸಿಕೊಳ್ಳುತ್ತಿರುತ್ತಾರೆ ಎಂದು ಕಣ್ಣೊರೆಸಿಕೊಂಡರು. ಮಗಳು ಮೇಲೆ ನೋಡುತ್ತ ಹಾಡಿದಳು. ಅಷ್ಟು ಚೆನ್ನಾಗಿ ಅವಳು ಹಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅವಳ ಹಿಂದಿನ ದೊಡ್ಡ ಪರದೆಯಲ್ಲಿ ಮತ್ತೆ ಅದೇ ಫೋಟೋ ತೋರಿಸಿದರು. ಸುಳ್ಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನನ್ನ ಸಾವಿಗೆ ನನಗೇ ದುಃಖ ಉಕ್ಕಿ ಬಂತು, ಗಳಗಳನೆ ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು ಅಳಲಿಲ್ಲ. ತನ್ನ ಗಂಡನ ಹೆಸರಿಗಾಗಿ ಕಾಯುತ್ತಿದ್ದಳು. ಹಾಡು ಮುಗಿಯಿತು, ಚಪ್ಪಾಳೆ ಮುಗಿಯಿತು, ಜಾಹೀರಾತು ಬಂತು. ಜಾಹೀರಾತು ಮುಗಿಯುವ ತನಕವೂ ಕಾದಳು. ಬೇರೆ ಹುಡುಗ ಬಂದು ಹಾಡಲು ಶುರುಮಾಡಿದ ಮೇಲೆ ಎದ್ದಳು. ಅವಳ ಫೋನ್ ರಿಂಗಾಗುತ್ತಿತ್ತು, ತೆಗೆಯಲಿಲ್ಲ.

"ಹುಡುಗಿ ಚಂದ ಹಾಡಿದ್ಲು" ಅಂದಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ನಮ್ಮೋರ ಹೆಸರು ಹೇಳೋಕಾಗ್ಲಿಲ್ಲ ಅಂದ್ರೆ ಹೋಗ್ಲಿ ಬಿಡಿ ಗೌಡ್ರೆ. ನೀವು ಬದುಕಿದೀರಿ ಅಂತನಾದ್ರೂ ಹೇಳ್ಬೋದಿತ್ತಲ್ಲ."

ಹೇಳಬಹುದಿತ್ತು. ಈಗಲೂ ಹೇಳಬಹುದು. ಮಗಳು ಸೆಮಿಫೈನಲ್ಲಿಗೆ ಆಯ್ಕೆಯಾಗಿದ್ದಾಳೆ, ನಾಳೆ ರೆಕಾರ್ಡಿಂಗ್ ಇದೆ. ಈಗಷ್ಟೇ ಫೋನ್ ಮಾಡಿದ್ದಳು. ಗಂಟಲು ಜೋಪಾನ ಎಂದು ಹೇಳಿ ಇಟ್ಟೆ.